ಆನೆ ಕಾಡಿಗೆ ಓಡ್ಸಿ ಅಂತೀವಲ್ಲ, ಯಾವ ಕಾಡಿಗೆ?

ನಮ್ಮ ಕಡೆ, ಅಂದ್ರೆ ಬೇಲೂರು ತಾಲೂಕಿನ ಬಿಕ್ಕೋಡು, ಅರೇಹಳ್ಳಿ ಸುತ್ತಮುತ್ತ, ಬೆಳಿಗ್ಗೆ ಎದ್ದವರು ಫೋನಲ್ಲಿ ಮೊದಲು ನೋಡೋದು ಆನೆ ಎಲ್ಲಿ ನಿಂತಿದೆ ಅಂತ, ಕಾಫಿ ರೇಟು ಆಮೇಲೆ. ಇಂಥ ತೋಟದ ಕೆರೆ ಹತ್ರ ಗುಂಪು ಇದೆ, ಆಳುಗಳನ್ನ ಆ ಕಡೆ ಬಿಡಬೇಡಿ ಅಂತ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಿರುತ್ತೆ, ಅದರ ಕೆಳಗೆ ಯಾರೋ ರಾತ್ರಿ ಎರಡು ಗಂಟೇಲಿ ಮುರಿದು ಬಿದ್ದ ಬಾಳೆ ಫೋಟೋ ಹಾಕಿರ್ತಾರೆ, ಅದರ ಕೆಳಗೆ ಇನ್ಯಾರೋ "ಮೊದಲು ಇವನ್ನ ಕಾಡಿಗೆ ಓಡ್ಸ್ರೀ" ಅಂತ ಬರೆದಿರ್ತಾರೆ. ಈ ಮೂರನೇ ಮಾತಿನ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ, ಯಾಕಂದ್ರೆ ಹತ್ತು ವರ್ಷದ ಹಿಂದೆ ನಾನೂ ಅದನ್ನೇ ಹೇಳ್ತಿದ್ದೆ. ನಮ್ಮದು ದೊಡ್ಡ ಎಸ್ಟೇಟ್ ಏನಲ್ಲ, ಎಂಟು ಎಕರೆ ರೋಬಸ್ಟಾ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು, ಒಂದು ಸಣ್ಣ ಕೆರೆ. ಒಂದೇ ರಾತ್ರೀಲಿ ನಲವತ್ತು ಮೆಣಸಿನ ಬಳ್ಳಿ ಮರದ ಸಮೇತ ನೆಲಕ್ಕೆ ಬಿದ್ದಿದ್ದನ್ನ ಬೆಳಿಗ್ಗೆ ನೋಡಿದಾಗ ಯಾರಿಗಾದ್ರೂ ಅದೇ ಮಾತು ಬರುತ್ತೆ, ಹೊಟ್ಟೆ ಉರಿಯುತ್ತೆ ಕಣ್ರೀ.

ಆದ್ರೆ ಯಾವ ಕಾಡಿಗೆ ಓಡ್ಸೋದು? ನಕ್ಷೆ ಮುಂದೆ ಇಟ್ಕೊಂಡು ನೋಡಿ. ಪಶ್ಚಿಮಕ್ಕೆ ಬಿಸಲೆ, ಕಾಗಿನಹರೆ, ಪುಷ್ಪಗಿರಿ, ಅದು ಘಟ್ಟದ ಕಡಿದಾದ ಮಳೆಕಾಡು, ಅಲ್ಲಿ ಮರ ದಟ್ಟ ಆದ್ರೆ ನೆಲದ ಮೇಲೆ ಹುಲ್ಲು ಕಮ್ಮಿ, ಒಂದು ದೊಡ್ಡ ಆನೆಗೆ ದಿನಕ್ಕೆ 150 ಕೆಜಿ ಹತ್ರ ಮೇವು ಬೇಕು. ಉತ್ತರಕ್ಕೆ ಭದ್ರಾ, ದಕ್ಷಿಣಕ್ಕೆ ಕೊಡಗು ದಾಟಿ ನಾಗರಹೊಳೆ. ನಡುವೆ ಆಲೂರು, ಸಕಲೇಶಪುರ, ಬೇಲೂರು, ಈ ಕಡೆ ಮೂಡಿಗೆರೆ, ಇಷ್ಟರಲ್ಲಿ ಕಾಡು ಅಂತ ಇರೋದು ಅಲ್ಲೊಂದು ಇಲ್ಲೊಂದು ತುಂಡು, ಅದರಲ್ಲೂ ಎಷ್ಟೋ ಕಡೆ ಅಕೇಶಿಯಾ ನೀಲಗಿರಿ ನೆಟ್ಟ ಪ್ಲಾಂಟೇಶನ್. ಹಗಲು ಹೊತ್ತು ಆನೆ ಅದರೊಳಗೆ ನಿಂತಿರುತ್ತೆ, ಕತ್ತಲಾದ ಮೇಲೆ ಕಾಫಿ ತೋಟದ ಮೂಲಕ ಗದ್ದೆಗೆ, ಕೆರೆಗೆ ಇಳಿಯುತ್ತೆ, ಬೆಳಕು ಹರಿಯೋ ಹೊತ್ತಿಗೆ ವಾಪಸ್. ಇದು ದಾರಿ ತಪ್ಪಿ ಬಂದ ಪ್ರಾಣಿಯ ನಡವಳಿಕೆ ಅಲ್ಲವೇ ಅಲ್ಲ. ಹೆಣ್ಣಾನೆ 22 ತಿಂಗಳು ಗರ್ಭ ಹೊತ್ತು ಇಲ್ಲೇ ಮರಿ ಹಾಕ್ತಿದೆ, ಆ ಮರಿಗೆ ಗೊತ್ತಿರೋ ಊರು ಅಂದ್ರೆ ನಮ್ಮ ತೋಟಗಳೇ. ನಾವು ಅವಕ್ಕೆ ಹೆಸರೂ ಇಟ್ಬಿಟ್ಟಿದೀವಿ, ಭೀಮ, ಕ್ಯಾಪ್ಟನ್, ಕರಡಿ, ಭುವನೇಶ್ವರಿ ಗುಂಪು, ಚಿಕ್ಕಮಗಳೂರು ಕಡೆಗೆ ಹೋದ ಬೀಟಮ್ಮನ ಗುಂಪು. ಹೆಸರು ಹಿಡಿದು ಕರೆಯೋಷ್ಟು ಪರಿಚಯ ಇರೋರನ್ನ ಹೊರಗಿನವರು ಅಂತ ಹೇಳೋಕೆ ಆಗಲ್ಲ ಅಲ್ವಾ.

ಇವು ಇಲ್ಲಿಗೆ ಬಂದು ಸೇರ್ಕೊಂಡಿದ್ದಕ್ಕೆ ಒಂದು ಚರಿತ್ರೆ ಇದೆ, ಅದರಲ್ಲಿ ಮನುಷ್ಯರ ಕಣ್ಣೀರೂ ಇದೆ, ಅದನ್ನ ಹೇಳದೆ ಆನೆ ಬಗ್ಗೆ ಮಾತ್ರ ಮಾತಾಡೋದು ಸರಿಯಲ್ಲ. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಹಳ್ಳಿ ಹಳ್ಳಿಗಳೇ ಮುಳುಗಿದ್ವು, ಗದ್ದೆ ಮನೆ ದೇವಸ್ಥಾನ ಕಳ್ಕೊಂಡ ಜನಕ್ಕೆ ಬದಲಿ ಜಮೀನು ಅಂತ ಕೊಟ್ಟ ಜಾಗದಲ್ಲಿ ಆಲೂರು ಕಡೆಯ ಕಾಡಿನ ಭೂಮಿಯೂ ಇತ್ತು. ಒಂದು ಕಡೆ ಕಾಡು ಚೂರಾಯ್ತು, ಇನ್ನೊಂದು ಕಡೆ ಹಿನ್ನೀರು ಹರಡ್ಕೊಂಡು ಬೇಸಿಗೇಲೂ ಬತ್ತದ ನೀರು, ನೀರು ಇಳಿದಾಗ ದಡದ ತುಂಬಾ ಹಸಿ ಹುಲ್ಲು. ಕೊಡಗಿನ ಕಡೆಯಿಂದ ಹಿನ್ನೀರಿಗೆ ಬಂದ ಆನೆಗೆ ವಾಪಸ್ ಹೋಗೋಕೆ ಕಾರಣವೇ ಉಳೀಲಿಲ್ಲ. ಮುಳುಗಡೆ ಆಗಿ ಬಂದವರು ಹೊಸ ಜಾಗದಲ್ಲಿ ಬೆಳೆದ ಭತ್ತಕ್ಕೇ ಆನೆ ಬಂತು, ಅಂದ್ರೆ ಒಂದ್ಸಲ ನೀರಿಗೆ ಕಳ್ಕೊಂಡವರು ಇನ್ನೊಂದ್ಸಲ ಆನೆಗೆ ಕಳ್ಕೊಂಡ್ರು. ಆ ಕುಟುಂಬಗಳ ಹತ್ರ ಹೋಗಿ ವನ್ಯಜೀವಿ ಸಂರಕ್ಷಣೆ ಅಂತ ಭಾಷಣ ಮಾಡೋಕೆ ನನಗಂತೂ ಬಾಯಿ ಬರಲ್ಲ.

ಅದರ ಮೇಲೆ ನಮ್ಮ ಕಾಫಿ ತೋಟ. ರೋಬಸ್ಟಾಗೆ ಫೆಬ್ರವರಿ ಮಾರ್ಚಲ್ಲಿ ಹೂಮಳೆ ಬೇಕು, ಮಳೆ ನಂಬೋಕಾಗಲ್ಲ ಅಂತ ಎಲ್ಲರೂ ಕೆರೆ ತೋಡಿಸಿ ಸ್ಪ್ರಿಂಕ್ಲರ್ ಹಾಕಿದೀವಿ, ಕಾಡಿನ ಹಳ್ಳ ಒಣಗಿರೋ ಹೊತ್ತಿಗೆ ತೋಟದ ಕೆರೆ ತುಂಬಿರುತ್ತೆ. ನೆರಳಿಗೆ ಹಲಸು, ಅತ್ತಿ, ಬಗನೆ. ಮೇ ಜೂನಲ್ಲಿ ಹಲಸಿನ ಹಣ್ಣಿನ ವಾಸನೆ ನಮಗೇ ಫರ್ಲಾಂಗು ದೂರದಿಂದ ಬರುತ್ತೆ, ಆನೆಗೆ ಬರದೆ ಇರುತ್ತಾ. ಇನ್ನೊಂದು ವಿಷಯ ಜನ ಅಷ್ಟಾಗಿ ಗಮನಿಸಲ್ಲ, ಅದು ಪಾಳು ಗದ್ದೆ. ಆನೆ ಕಾಟ, ಆಳು ಸಿಗಲ್ಲ, ಭತ್ತಕ್ಕೆ ರೇಟಿಲ್ಲ ಅಂತ ತಗ್ಗಿನ ಗದ್ದೆಗಳನ್ನ ಬಿಟ್ಟಿದೀವಿ, ಅಲ್ಲಿ ಈಗ ಎದೆಮಟ್ಟ ಹುಲ್ಲು. ಎರಡು ತೋಟದ ನಡುವೆ ತಣ್ಣಗೆ, ನೀರಿನ ಪಸೆ ಇರೋ, ಮನುಷ್ಯರು ಕಾಲಿಡದ ಹುಲ್ಲುಗಾವಲು. ಆನೆ ಬರುತ್ತೆ ಅಂತ ಗದ್ದೆ ಬಿಟ್ವಿ, ಗದ್ದೆ ಬಿಟ್ಟಿದ್ದಕ್ಕೆ ಆನೆ ಅಲ್ಲೇ ಉಳ್ಕೊಳ್ತು.

ಓಡಿಸೋದು ಆಗಲ್ಲ ಅಂದ್ರೆ ಹಿಡಿದು ಸಾಗಿಸಿ ಅನ್ನೋದು ಮುಂದಿನ ಮಾತು. ಇದನ್ನ ಮಾಡಿ ನೋಡಿದ್ದಾಗಿದೆ. ಹೈಕೋರ್ಟ್ ಸೂಚನೆ ಮೇಲೆ ಆನೆ ತಜ್ಞ ಪ್ರೊಫೆಸರ್ ರಾಮನ್ ಸುಕುಮಾರ್ ಅಧ್ಯಕ್ಷತೇಲಿ ಆದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಡ್ತು, ರಾಜ್ಯದ ಆನೆ ಪ್ರದೇಶಾನ ಮೂರು ಥರ ವಿಂಗಡಿಸ್ತು, ಆನೆಗೇ ಆದ್ಯತೆ ಇರೋ ಸಂರಕ್ಷಣಾ ವಲಯ, ಜನ ಆನೆ ಇಬ್ರೂ ಹೊಂದ್ಕೊಂಡು ಇರಬೇಕಾದ ಸಹಬಾಳ್ವೆ ವಲಯ, ಆನೆ ಇರಲೇಬಾರದ ತೆರವು ವಲಯ ಅಂತ. ಆಲೂರು ಭಾಗ ಬಂದಿದ್ದು ಮೂರನೇದರಲ್ಲಿ. ಅದರ ಪ್ರಕಾರ 2014ರಲ್ಲಿ ಆಲೂರು ಸುತ್ತ 22 ಆನೆ ಹಿಡಿದ್ರು. ಅವತ್ತು ಜನ ನಿಟ್ಟುಸಿರು ಬಿಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ, ಇನ್ನು ರಾತ್ರಿ ನಿದ್ದೆ ಮಾಡಬಹುದು ಅಂತ. ಆದ್ರೆ ಕೆಲವೇ ವರ್ಷದಲ್ಲಿ ಮತ್ತೆ ಆನೆ. ಯಾಕೆ ಅಂತ ಯೋಚ್ನೆ ಮಾಡಿದ್ರೆ ಗೊತ್ತಾಗುತ್ತೆ, ಹಿನ್ನೀರು ಅಲ್ಲೇ ಇದೆ, ಕೆರೆ ಅಲ್ಲೇ ಇದೆ, ಹಲಸು ಅಲ್ಲೇ ಇದೆ, ಕೊಡಗಿನ ಕಡೆಯಿಂದ ದಾರೀನೂ ತೆರೆದೇ ಇದೆ, ಖಾಲಿ ಆದ ಜಾಗಕ್ಕೆ ಪಕ್ಕದ ಗುಂಪು ಬಂತು ಅಷ್ಟೆ.

ಗಂಡಾನೆ ಕಥೆ ಇನ್ನೂ ಬೇರೆ. ಶ್ರೀಲಂಕಾದಲ್ಲಿ ಹೀಗೇ ತೊಂದರೆ ಕೊಡ್ತಿದ್ದ 12 ಗಂಡಾನೆಗಳನ್ನ ಹಿಡಿದು, ಜಿಪಿಎಸ್ ಕಾಲರ್ ಹಾಕಿ, ಬೇರೆ ಅಭಯಾರಣ್ಯಗಳಿಗೆ ಬಿಟ್ಟು ಏನಾಗುತ್ತೆ ಅಂತ ನೋಡಿದ್ರು, 2012ರಲ್ಲಿ ಅದರ ಫಲಿತಾಂಶ ಪ್ರಕಟ ಆಯ್ತು. ಕೆಲವು ಸೀದಾ ಹಳೇ ಊರಿನ ದಾರಿ ಹಿಡಿದ್ವು, ಕೆಲವು ಸುಮ್ಮನೆ ಅಲೀತಾ ಹೋದ್ವು, ಉಳಿದವು ಹೊಸ ಜಾಗದ ಹತ್ರವೇ ನಿಂತು ಅಲ್ಲಿನ ಜನಕ್ಕೆ ಕಾಟ ಕೊಟ್ವು. ಅಂದ್ರೆ ನಮ್ಮ ಸಮಸ್ಯೇನ ಇನ್ನೊಂದು ಊರಿಗೆ ದಾಟಿಸಿದ ಹಾಗಾಯ್ತು. ಮನುಷ್ಯರ ಮೇಲೆ ಬೀಳೋದನ್ನೇ ಅಭ್ಯಾಸ ಮಾಡ್ಕೊಂಡ ಒಂದು ಸಲಗಾನ ಹಿಡೀಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ, ಮನೇಲಿ ಸಾವಾದೋರ ಮುಂದೆ ಬೇರೆ ಮಾತಾಡೋಕೂ ಆಗಲ್ಲ. ಆದ್ರೆ ಅದು ಒಂದು ಆನೆಯ ವಿಷಯಕ್ಕೆ ಪರಿಹಾರ, ಇಡೀ ಊರಿಗಲ್ಲ.

ಮತ್ತೆ ಹಿಡಿಯೋದು ಅಂದ್ರೆ ಏನು ಅನ್ನೋದನ್ನ ನಮ್ಮ ಜಿಲ್ಲೆ ಮರೆಯೋ ಹಾಗಿಲ್ಲ. 2023ರ ಆಗಸ್ಟ್ 31, ಆನೆ ವೆಂಕಟೇಶ್ ಅಂತಲೇ ಹೆಸರಾಗಿದ್ದ, ಆನೆಗೆ ಅರಿವಳಿಕೆ ಮದ್ದು ಹೊಡೆಯೋ ಪರಿಣತರು ಆಲೂರು ತಾಲೂಕಲ್ಲಿ ಗಾಯಗೊಂಡ ಭೀಮನಿಗೆ ಚಿಕಿತ್ಸೆ ಕೊಡಬೇಕು ಅಂತ ಹೋದಾಗ ಅದೇ ಆನೆ ದಾಳೀಲಿ ತೀರ್ಕೊಂಡ್ರು. ಅದೇ ವರ್ಷ ಡಿಸೆಂಬರ್ 4ಕ್ಕೆ ಸಕಲೇಶಪುರ ತಾಲೂಕು ಯಸಳೂರು ವಲಯದ ದಬ್ಬಳ್ಳಿಕಟ್ಟೆ ಹತ್ರ ಅರ್ಜುನ ಹೋದ, ಎಂಟು ಸಲ ಮೈಸೂರು ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತವನು, ಕಾಡಾನೆ ಹಿಡಿಯೋ ಕಾರ್ಯಾಚರಣೇಲಿ ಸಲಗದ ಜೊತೆ ಸೆಣಸಿ ಸತ್ತ. ಅವತ್ತು ಅಲ್ಲಿ ಜನ ಗೋಳೋ ಅಂತ ಅತ್ತರು. ಆನೆ ಕಾಟಕ್ಕೆ ಬೇಸತ್ತು ರಸ್ತೆ ತಡೆ ಮಾಡಿದ ಜನವೇ ಆನೆ ಸಾವಿಗೆ ಅಳ್ತಾರೆ, ಹೊರಗಿನವರಿಗೆ ಇದು ಅರ್ಥ ಆಗಲ್ಲ, ನಮಗೆ ಇದರಲ್ಲಿ ವಿಚಿತ್ರ ಏನೂ ಕಾಣಲ್ಲ.

ಬೇಲಿ ವಿಷಯ ಬೇಗ ಮುಗಿಸ್ತೀನಿ. ಕಂದಕ ನಮ್ಮ ಮಳೆಗೆ ಎರಡು ವರ್ಷದಲ್ಲಿ ಕುಸಿಯುತ್ತೆ, ಸೋಲಾರ್ ತಂತಿ ಮೇಲೆ ಮರ ಬೀಳಿಸಿ ದಾಟೋದು ಆನೆಗೆ ಗೊತ್ತು, ನೇತಾಡೋ ಸೋಲಾರ್ ಬೇಲಿ ಸುತ್ತ ಕಳೆ ತೆಗೆದು ನೋಡ್ಕೊಂಡ್ರೆ ಪರವಾಗಿಲ್ಲ, ಹಳೇ ರೈಲ್ವೆ ಕಂಬಿ ಬ್ಯಾರಿಕೇಡ್ ಗಟ್ಟಿ ಆದ್ರೆ ದುಬಾರಿ. ಇದೆಲ್ಲ ಒಂದು ಕಡೆ ಕಾಡು ಒಂದು ಕಡೆ ಊರು ಅಂತ ಗೆರೆ ಇರೋ ನಾಗರಹೊಳೆ ಅಂಚಿನಂಥ ಜಾಗಕ್ಕೆ ಸರಿ. ನಮ್ಮಲ್ಲಿ ಆ ಗೆರೇನೇ ಇಲ್ಲ, ಬೇಲಿಯ ಯಾವ ಪಕ್ಕಕ್ಕೆ ಆನೆ ಇರಬೇಕು ಅಂತ ಯಾರು ಹೇಳ್ತಾರೆ? ದೊಡ್ಡ ತೋಟದವರು ಸುತ್ತ ಬೇಲಿ ಹಾಕ್ಕೊಂಡ್ರೆ ಆನೆ ಪಕ್ಕದ ಎರಡೆಕರೆಯವನ ಮೇಲೆ ಹೋಗುತ್ತೆ. ಇನ್ನು ಬೇಲಿಗೆ ಸೀದಾ ಕರೆಂಟು ಕೊಡೋದು ಇದೆಯಲ್ಲ, ಅದು ಅಪರಾಧ ಅನ್ನೋದು ಒಂದು ಕಡೆ, ಅದರಲ್ಲಿ ಆನೆಯಷ್ಟೇ ಸುಲಭವಾಗಿ ದನ ಕಾಯೋ ಹುಡುಗನೂ ಸಾಯ್ತಾನೆ.

ಹಾಗಾದ್ರೆ ಜನರನ್ನೇ ಕಳಿಸೋದಾ ಅಂತ ಕೆಲವರು ಕೇಳ್ತಾರೆ, ಭದ್ರಾ ಉದಾಹರಣೆ ಕೊಡ್ತಾರೆ. ಭದ್ರಾದಲ್ಲಿ ಆಗಿದ್ದು ದೊಡ್ಡ ಕೆಲಸ, ನಾನು ಅದನ್ನ ಕಮ್ಮಿ ಮಾಡಿ ಹೇಳಲ್ಲ. 1974ರಲ್ಲಿ ಅಭಯಾರಣ್ಯ ಆಯ್ತು, 1998ರಲ್ಲಿ ಹುಲಿ ಯೋಜನೆಗೆ ಸೇರ್ತು, 2001-02ರ ಹೊತ್ತಿಗೆ ಒಳಗಿದ್ದ 11 ಹಳ್ಳಿಗಳ 419 ಕುಟುಂಬ ಹೊರಗೆ ಬಂದ್ವು, ಎಂ.ಸಿ. ಹಳ್ಳಿ ಮತ್ತೆ ಕೆಳಗೂರಲ್ಲಿ ಜಮೀನು, ಮನೆ, ರಸ್ತೆ, ಶಾಲೆ ಸಿಕ್ತು. ಅದು ನಡೆದಿದ್ದು ಯಾಕೆ ಅಂದ್ರೆ ಬೆಳೆ ಉಳಿಯದೆ, ಆಸ್ಪತ್ರೆ ದಾರಿ ಇಲ್ಲದೆ ಸೋತಿದ್ದ ಜನರಲ್ಲಿ ಬಹುಪಾಲು ತಾವೇ ಹೊರಗೆ ಬರೋಕೆ ಮನಸ್ಸು ಮಾಡಿದ್ರು, ಕೊಟ್ಟ ಜಮೀನು ನೀರಾವರಿ ಜಮೀನಾಗಿತ್ತು, ಅಧಿಕಾರಿಗಳೂ ಚಿಕ್ಕಮಗಳೂರಿನ ವನ್ಯಜೀವಿ ಕಾರ್ಯಕರ್ತರೂ ಜೊತೇಲಿ ನಿಂತಿದ್ರು. ಈಗ ಅದೇ ಭದ್ರಾದಲ್ಲಿ ಹಿಡಿದ ಆನೆಗಳಿಗೆ ಒಂದು ವಿಹಾರಧಾಮ ಮಾಡೋ ಪ್ರಸ್ತಾಪ ಇದೆ. ಆದ್ರೆ ಕಾಡಿನೊಳಗಿನ 11 ಹಳ್ಳಿಯ ಲೆಕ್ಕ ಬೇರೆ, ನಾಲ್ಕು ತಾಲೂಕಿನ ಕಾಫಿ ಸೀಮೆಯ ಲೆಕ್ಕ ಬೇರೆ. ಇಲ್ಲಿಂದ ಲಕ್ಷಾಂತರ ಜನಾನ ಎತ್ತಿ ಎಲ್ಲಿಗೆ ಕಳಿಸ್ತೀರಿ, ಮತ್ತೆ ತೋಟ ನೋಡ್ಕೊಳ್ಳೋರಿಲ್ಲದೆ ಆ ನೆರಳು ಮರ ಹೋದ್ರೆ ಆನೆಗಿಂತ ಮೊದಲು ಮಂಗಟ್ಟೆ, ಕಾಡುಪಾಪ, ಕೆಂದಳಿಲು ಹೋಗ್ತವೆ, ಅವೂ ನಮ್ಮ ತೋಟದಲ್ಲೇ ಬದುಕ್ತಿರೋದು.

ಹಾಗಾಗಿ ಇಬ್ರೂ ಇಲ್ಲೇ ಇರ್ತೀವಿ ಅನ್ನೋದನ್ನ ಒಪ್ಕೊಂಡು ಮುಂದಿನ ಮಾತು ಆಡ್ಬೇಕು. ಆನೆಗೂ ಹೋಗೋಕೆ ಬೇರೆ ಜಾಗ ಇಲ್ಲ. ಏಷ್ಯಾದ ಆನೆ ಅಳಿವಿನಂಚಿನ ಪ್ರಾಣಿ, ನಮ್ಮ ವನ್ಯಜೀವಿ ಕಾಯ್ದೇಲಿ ಮೊದಲನೇ ಪಟ್ಟೀಲಿದೆ. ಡಿಎನ್‌ಎ ಆಧಾರದಲ್ಲಿ ಮಾಡಿ 2025ರಲ್ಲಿ ಬಿಡುಗಡೆ ಆದ ಎಣಿಕೇಲಿ ಇಡೀ ದೇಶಕ್ಕೆ 22,446, ಅದರಲ್ಲಿ ಕರ್ನಾಟಕದಲ್ಲೇ 6,013, ಯಾವ ರಾಜ್ಯದಲ್ಲೂ ಇಷ್ಟಿಲ್ಲ. 2017ರ ಎಣಿಕೇಲಿ ದೇಶಕ್ಕೆ 29,964 ಇತ್ತು, ಅದು ಬೇರೆ ವಿಧಾನ, ಹಾಗಾಗಿ ಏಳು ಸಾವಿರ ಆನೆ ಸತ್ತೋದ್ವು ಅಂತ ಅರ್ಥ ಮಾಡ್ಕೋಬಾರದು, ಜಾಸ್ತಿ ಆಗ್ಬಿಟ್ಟಿವೆ ಅಂತ ಕೂಗಾಡೋಕೂ ಇದರಲ್ಲಿ ಆಧಾರ ಇಲ್ಲ.

ಇಷ್ಟಕ್ಕೂ ಸಾವು ಆಗೋದು ಹೇಗೆ ಅಂತ ನೋಡಿ. ಬಹಳಷ್ಟು ಸಲ ಆನೆ ಬೇಕು ಅಂತ ಹುಡುಕ್ಕೊಂಡು ಬಂದಿರಲ್ಲ. ಬೆಳಿಗ್ಗೆ ಆರೂವರೆ, ಮಂಜು, ಕಾಫಿ ಗಿಡ ತಲೆ ಮಟ್ಟ, ತಿರುವಿನ ಆ ಕಡೆ ಆನೆ ಇದೆ ಅಂತ ಇವರಿಗೆ ಗೊತ್ತಿಲ್ಲ, ಇವರು ಬರ್ತಾರೆ ಅಂತ ಅದಕ್ಕೆ ಗೊತ್ತಿಲ್ಲ. ಹತ್ತು ಮಾರು ದೂರದಲ್ಲಿ ಎದುರಾದ್ರೆ ಓಡೋಕೂ ಆಗಲ್ಲ, ಗಿಡದ ಸಾಲು ಬಿಡಲ್ಲ. ಇನ್ನೊಂದು ಹೊತ್ತು ಸಂಜೆ ಕತ್ತಲು, ಅಂಗಡಿಯಿಂದ ವಾಪಸ್ ಬರೋರು, ಬೈಕಿನೋರು. ನವೆಂಬರಿಂದ ಭತ್ತ ಬಲಿಯುತ್ತೆ, ಅದೇ ಹೊತ್ತಿಗೆ ಅರೇಬಿಕಾ ಕುಯ್ಲು, ಜನವರಿಗೆ ರೋಬಸ್ಟಾ, ಅಂದ್ರೆ ಆನೆ ಗದ್ದೆಗೆ ಇಳಿಯೋ ಕಾಲ, ತೋಟದಲ್ಲಿ ಅತಿ ಹೆಚ್ಚು ಜನ ಇರೋ ಕಾಲ ಎರಡೂ ಒಂದೇ. ಆನೆ ಇವತ್ತು ಎಲ್ಲಿದೆ ಅನ್ನೋದು ಬೆಳಿಗ್ಗೆ ಐದು ಗಂಟೆಗೆ ಗೊತ್ತಾದ್ರೆ ಇದರಲ್ಲಿ ಎಷ್ಟೋ ಸಾವು ಆಗೋದೇ ಇಲ್ಲ.

ಇದು ಬರೀ ಆಸೆ ಮಾತಲ್ಲ. ತಮಿಳುನಾಡಿನ ವಾಲ್ಪಾರೈ ನಮ್ಮ ಥರದ್ದೇ ಜಾಗ, ಟೀ ಕಾಫಿ ತೋಟ, ನಡುವೆ ಕಾಡಿನ ಚೂರು, ಸುತ್ತ ಆನಮಲೆ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅರಣ್ಯ ಇಲಾಖೆ ಜೊತೆ ಸೇರಿ ಮೊದಲು ಲೋಕಲ್ ಕೇಬಲ್ ಟಿವೀಲಿ ಆನೆ ಇರೋ ಜಾಗ ಓಡಿಸಿದ್ರು, ಆಮೇಲೆ ಎಸ್‌ಎಂಎಸ್, ಆಮೇಲೆ ದಾರಿ ತಿರುವಲ್ಲಿ ಕೆಂಪು ಎಲ್‌ಇಡಿ ದೀಪ, ಹತ್ರ ಆನೆ ಇದ್ರೆ ಅದು ಉರಿಯುತ್ತೆ. ಅಲ್ಲಿ ಸಾವು ಕಮ್ಮಿ ಆದ್ವು. ಅದೇ ಪದ್ಧತಿ ಹಾಸನಕ್ಕೂ ಬಂದಿದೆ. 2022ರಲ್ಲಿ ಸರ್ಕಾರ ಹಾಸನ, ಚಿಕ್ಕಮಗಳೂರು, ಕೊಡಗು, ಮೈಸೂರಿಗೆ ಆನೆ ಕಾರ್ಯಪಡೆ (2012ರಲ್ಲಿ ವರದಿ ಕೊಟ್ಟಿದ್ದಲ್ಲ, ಇದು ಬೇರೆ) ಮಾಡಿದ ಮೇಲೆ, ನಾವು ಇಟಿಎಫ್ ಅಂತೀವಲ್ಲ ಅವರು, ರಾತ್ರಿಯಿಡೀ ಜೀಪಲ್ಲಿ ಸುತ್ತಿ ಗುಂಪಿನ ಹಿಂದೆ ಇರ್ತಾರೆ. ಗುಂಪಿನ ಮುಂದಾಳು ಹೆಣ್ಣಾನೆಗೆ ರೇಡಿಯೋ ಕಾಲರ್ ಹಾಕಿದ್ರೆ ಇಡೀ ಗುಂಪು ಎಲ್ಲಿದೆ ಅಂತ ಗೊತ್ತಾಗುತ್ತೆ, ಯಾಕಂದ್ರೆ ಉಳಿದವೆಲ್ಲ ಅವಳ ಹಿಂದೆಯೇ. ಒಂಟಿ ಸಲಗಗಳದ್ದೇ ಕಷ್ಟ, ಒಂದೊಂದಕ್ಕೂ ಬೇರೆ ಬೇರೆ ಕಾಲರ್ ಬೇಕು, ಬ್ಯಾಟರಿ ಮುಗಿಯುತ್ತೆ, ಉದುರಿ ಹೋಗುತ್ತೆ, ಆಗ ಉಳಿಯೋದು ಕಾಲ್ನಡಿಗೇಲಿ ಹೆಜ್ಜೆ ಹುಡುಕೋ ಹುಡುಗರೇ. ಈ ಹುಡುಗರಲ್ಲಿ ಸುಮಾರು ಜನ ಹೊರಗುತ್ತಿಗೆಯವರು, ನಮ್ಮ ಪಕ್ಕದ ಊರವರೇ. ಜನ ಸಿಟ್ಟಲ್ಲಿ ಮೊದಲು ಬೈಯೋದೂ ಇವರನ್ನೇ. ನನ್ನ ಕೇಳಿದ್ರೆ ಆನೆ ಹಿಡಿಯೋಕೆ ಸುರಿಯೋ ದುಡ್ಡಲ್ಲಿ ಒಂದು ಪಾಲು ಇವರ ಸಂಬಳಕ್ಕೆ, ಜೀಪಿಗೆ, ಟಾರ್ಚಿಗೆ, ವಿಮೆಗೆ ಹೋಗ್ಬೇಕು.

ಪರಿಹಾರದ ಬಗ್ಗೆ ಹೇಳದಿದ್ರೆ ಮಾತು ಅರ್ಧಕ್ಕೆ ನಿಲ್ಲುತ್ತೆ. ಜೀವ ಹೋದ್ರೆ ಕೊಡೋ ಮೊತ್ತ 2022ರ ಕೊನೇಲಿ 7.5 ಲಕ್ಷದಿಂದ 15 ಲಕ್ಷ ಆಯ್ತು, ಬೆಳೆ ಪರಿಹಾರಾನೂ ಏರಿಸಿದ್ರು. ಆದ್ರೆ ಬೆಳೆ ಪರಿಹಾರಕ್ಕೆ ಪಹಣಿ ಬೇಕು, ಪಹಣೀಲಿ ಅರ್ಜಿದಾರರ ಹೆಸರೇ ಇರಬೇಕು. ನಮ್ಮ ಕಡೆ ಅಜ್ಜನ ಹೆಸರಲ್ಲೇ ಇರೋ ಜಂಟಿ ಖಾತೆ ಎಷ್ಟಿಲ್ಲ, ಪೌತಿ ಖಾತೆ ಆಗಿಲ್ಲ, ಅಂದ್ರೆ ತೀರ್ಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬಂದಿಲ್ಲ, ಪೋಡಿ ಆಗಿಲ್ಲ, ಅಂದ್ರೆ ಪಾಲು ಅಳೆದು ಬೇರೆ ಮಾಡಿಲ್ಲ. ನಮ್ಮ ಆ ನಲವತ್ತು ಬಳ್ಳಿಗೆ ಕೊಟ್ಟ ಅರ್ಜಿ ಇದೇ ಕಾರಣಕ್ಕೆ ಒಂದು ಟೇಬಲಿಂದ ಇನ್ನೊಂದಕ್ಕೆ ಓಡಾಡಿ ಒಂದೂವರೆ ವರ್ಷ ಆದ ಮೇಲೆ ಏನೋ ಸ್ವಲ್ಪ ಬಂತು, ಅಷ್ಟರಲ್ಲಿ ಹೊಸ ಬಳ್ಳಿ ಮೊಣಕಾಲೆತ್ತರ ಬಂದಿತ್ತು, ಅದು ಫಸಲಿಗೆ ಬರೋಕೆ ಇನ್ನೂ ಎರಡು ಮೂರು ವರ್ಷ. ತೋಟ ಇರೋ ನನಗೇ ಹೀಗೆ. ಅಕ್ಕಪಕ್ಕದಲ್ಲಿ ಒತ್ತುವರಿ ಜಮೀನಲ್ಲಿ ಅರ್ಧ ಎಕರೆ ಮಾಡ್ಕೊಂಡಿರೋರಿಗೆ ಅರ್ಜಿ ಹಾಕೋಕೇ ದಾರಿ ಇಲ್ಲ. ತಿಂಗಳೊಳಗೆ ಕೈಗೆ ಸಿಗೋ ಸಣ್ಣ ಪರಿಹಾರ, ಎರಡು ವರ್ಷದ ಮೇಲೆ ಬರೋ ದೊಡ್ಡ ಪರಿಹಾರಕ್ಕಿಂತ ಜಾಸ್ತಿ ಆನೆಗಳನ್ನ ಉಳಿಸುತ್ತೆ, ಇದು ನನ್ನ ಗಟ್ಟಿ ನಂಬಿಕೆ, ಯಾಕಂದ್ರೆ ಬೇಲಿಗೆ ಕರೆಂಟು ಕೊಡೋ ಯೋಚನೆ ಬರೋದು ಆ ಮಧ್ಯದ ಕಾಯೋ ದಿನಗಳಲ್ಲೇ.

ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿದ್ರೆ ಲೈನ್ ಮನೆ, ಅಂದ್ರೆ ತೋಟದ ಆಳುಗಳು ಇರೋ ಸಾಲು ಮನೆ. ಸಭೆ ಆದ್ರೆ ಬೆಳೆಗಾರರ ಸಂಘದವರು ಮಾತಾಡ್ತಾರೆ, ಇಲಾಖೆಯವರು ಮಾತಾಡ್ತಾರೆ, ಪರಿಸರದವರು ಮಾತಾಡ್ತಾರೆ, ಬೆಳಿಗ್ಗೆ ಆರೂವರೆಗೆ ಮಂಜಲ್ಲಿ ನಡ್ಕೊಂಡು ಹೋಗೋರನ್ನ ಯಾರೂ ಕರೆದಿರಲ್ಲ. ಅವರಿಗೆ ಕಳ್ಕೊಳ್ಳೋಕೆ ಬೆಳೆ ಇಲ್ಲ, ಇರೋದು ಜೀವ ಮತ್ತೆ ದಿನಗೂಲಿ. ಆನೆ ಇದೆ ಇವತ್ತು ಕೆಲಸ ಬೇಡ ಅಂತ ವಾಪಸ್ ಕಳಿಸಿದ್ರೆ ಅವತ್ತಿನ ಸಂಬಳ ಹೋಯ್ತು, ಹಾಗಾಗಿ ಆನೆ ಇದೆ ಅಂತ ಗೊತ್ತಿದ್ರೂ ಬರ್ತಾರೆ. ಕುಯ್ಲಿಗೆ ಅಸ್ಸಾಂ ಕಡೆಯಿಂದ ಬಂದಿರೋರಿಗೆ ಕನ್ನಡದ ಮೆಸೇಜ್ ಓದೋಕೆ ಬರಲ್ಲ, ಅವರ ನಂಬರು ಗ್ರೂಪಲ್ಲೇ ಇಲ್ಲ. ಕೆಲವು ಲೈನ್ ಮನೆಗಳಲ್ಲಿ ಇವತ್ತಿಗೂ ಶೌಚಾಲಯ ಇಲ್ಲ, ಕತ್ತಲಲ್ಲಿ ತೋಟದೊಳಗೆ ಹೋಗ್ಬೇಕು. ಹೋದ ವರ್ಷ ನಮ್ಮಲ್ಲಿ ಕೆಲಸಕ್ಕೆ ಬರೋ ಒಬ್ಬ ಅಕ್ಕನಿಗೆ ಆನೆ ಮೆಸೇಜ್ ಬರುತ್ತಾ ನಿಮಗೆ ಅಂತ ಕೇಳಿದೆ. "ಫೋನು ನಮ್ಮನೇರತ್ರ ಇರ್ತದೆ ಕಣಣ್ಣ, ಅವ್ರು ಗಾರೆ ಕೆಲ್ಸಕ್ಕೆ ಬೇಲೂರಿಗೆ ಹೋಯ್ತರೆ, ತ್ವಾಟಕ್ಕೆ ಬರದು ನಾನಲ್ವಾ" ಅಂದ್ರು. ಇಷ್ಟು ವರ್ಷ ಗ್ರೂಪಲ್ಲಿ ಮೆಸೇಜ್ ಮುಂದಕ್ಕೆ ಕಳಿಸಿ ಕಳಿಸಿ ಏನೋ ಮಾಡಿದೀನಿ ಅಂದ್ಕೊಂಡಿದ್ದೆ, ಅದು ಹೋಗಿ ಸೇರ್ಬೇಕಾದ ಕಿವಿಗೆ ಸೇರ್ತಾನೇ ಇರ್ಲಿಲ್ಲ.

ಅದಾದ ಮೇಲೆ ಅಕ್ಕಪಕ್ಕದ ಆರು ತೋಟದವರು ಒಂದಿನ ಕೂತು ಮಾತಾಡಿದ್ವಿ. ಕುಯ್ಲು ಮುಗಿಯೋವರೆಗೆ ಏಳೂವರೆಗೆ ಮುಂಚೆ ಯಾರನ್ನೂ ತೋಟಕ್ಕೆ ಕರೆಯೋದು ಬೇಡ, ನಡೆಸ್ಕೊಂಡು ಬರೋದು ಬೇಡ, ಒಂದು ಪಿಕಪ್ ಗೊತ್ತು ಮಾಡಿ ಡೀಸೆಲ್ ಹಂಚ್ಕೊಳ್ಳೋಣ, ಆನೆ ಇದ್ದು ಕೆಲಸ ನಿಂತ ದಿನ ಅರ್ಧ ಕೂಲಿ ಆದ್ರೂ ಕೊಡೋಣ, ಮೆಸೇಜ್ ಬಂದ ತಕ್ಷಣ ಲೈನ್ ಮನೆ ಹತ್ರ ಯಾರಾದ್ರೂ ಹೋಗಿ ಬಾಯಲ್ಲಿ ಹೇಳ್ಬೇಕು ಅಂತ. ನಾಲ್ಕು ಜನ ಒಪ್ಪಿದ್ರು, ಹೋದ ಕುಯ್ಲಲ್ಲಿ ಹಾಗೇ ನಡೀತು, ಖರ್ಚು ಅಂದ್ಕೊಂಡಷ್ಟೇನೂ ಬರ್ಲಿಲ್ಲ. ಇನ್ನಿಬ್ಬರು ಅರ್ಧ ಕೂಲಿ ವಿಷಯಕ್ಕೆ ಒಪ್ಪಿಲ್ಲ. ಭತ್ತ ಹಾಲು ತುಂಬೋ ಹೊತ್ತು ಬಂತು, ಗುಂಪು ಆಗ್ಲೇ ಕೆಳಗಿನ ಗದ್ದೆ ಬಯಲಿಗೆ ಇಳಿದಿದೆ ಅಂತ ನಿನ್ನೆ ಮೆಸೇಜ್ ಇತ್ತು, ಈ ವಾರದಲ್ಲೇ ಅವರ ಮನೆಗೆ ಮತ್ತೆ ಹೋಗಿ ಬರ್ಬೇಕು.